ಒಂದು ಶಿಲ್ಲಿಂಗಿನ ಮಗ: ಡಾರ್ಸೆಟ್‌ನ ಒಂದು ಹಳೆಯ ಉಯಿಲಿನ ಹುಡುಕಾಟ

ಹಿನ್ನೆಲೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಪರಿಚಿತರ ವಂಶಾವಳಿಗೆ ಬೇಕಾದ ಹಳೆಯ ದಾಖಲೆಗಳನ್ನು ಹುಡುಕಿ ಓದಿಕೊಡುತ್ತ ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಿವೃತ್ತ ನರ್ಸ್ ಒಬ್ಬರಿಗಾಗಿ ಮಾಡಿದ ಹುಡುಕಾಟದ ವಿವರ. ಅವರ ಇಚ್ಛೆಯಂತೆ ಮನೆತನದ ಹೆಸರನ್ನೂ ಹಳ್ಳಿಯ ಹೆಸರನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆದರೆ ಯಾವ ದಾಖಲೆಯಿಂದ ಯಾವ ದಾಖಲೆಗೆ ಹೋದೆವು, ಎಲ್ಲಿ ದಾರಿ ತಪ್ಪಿತು, ಯಾವ ಯೋಚನೆಯಿಂದ ಮತ್ತೆ ದಾರಿ ಸಿಕ್ಕಿತು ಎಂಬುದು ನಡೆದ ಹಾಗೆಯೇ ಇದೆ.

ಅವರ ಮನೆಯಲ್ಲಿ ತಲೆಮಾರುಗಳಿಂದ ಬಂದ ಒಂದು ಬೈಬಲ್ ಇದೆ. ಅದರ ಮೊದಲ ಖಾಲಿ ಹಾಳೆಯಲ್ಲಿ 19ನೇ ಶತಮಾನದ ಯಾರೋ ಹಿರಿಯರು ಮನೆತನದ ಮೂಲವನ್ನು ಎರಡು ಸಾಲಿನಲ್ಲಿ ಬರೆದಿಟ್ಟಿದ್ದಾರೆ: ಮೂಲಪುರುಷನು ಯೋವಿಲ್ ಪಟ್ಟಣದ ಸಮೀಪದಿಂದ ಲಂಡನ್ನಿಗೆ ಬಂದವನು, ಅವನ ತಂದೆ ಅವನನ್ನು ಒಂದು ಶಿಲ್ಲಿಂಗ್ (ಪೌಂಡಿನ ಇಪ್ಪತ್ತರಲ್ಲಿ ಒಂದು ಭಾಗ, ಹನ್ನೆರಡು ಪೆನ್ಸ್) ಕೊಟ್ಟು ದೂರ ಮಾಡಿದನು ಎಂಬುದು ಅದರ ಸಾರ. ಈ ಎರಡು ಸಾಲು ಆ ಮನೆಯಲ್ಲಿ ಕಥೆಯಾಗಿ ಬೆಳೆದಿತ್ತು. ತಂದೆ ಕ್ರೂರಿ, ಮಗ ಬರಿಗೈಯಲ್ಲಿ ಬಂದು ಸ್ವಂತ ದುಡಿಮೆಯಿಂದ ನೆಲೆ ಕಂಡವನು ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದರು. ಒಂದು ಶಿಲ್ಲಿಂಗ್ ಎಂದರೆ ಅದು ಉಯಿಲಿನ ಮಾತೇ ಇರಬೇಕು, ಹಾಗಾದರೆ ಆ ಉಯಿಲು ಎಲ್ಲಾದರೂ ಉಳಿದಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಏಕೆ ಸರಳವಲ್ಲ ಎಂದು ತಿಳಿಯಬೇಕಾದರೆ ಅಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. 1858ರ ಜನವರಿ 12ರಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಉಯಿಲುಗಳೆಲ್ಲ ಸರ್ಕಾರದ ಪ್ರೊಬೇಟ್, ಅಂದರೆ ಉಯಿಲನ್ನು ಅಧಿಕೃತವಾಗಿ ಮಾನ್ಯ ಮಾಡುವ, ವ್ಯವಸ್ಥೆಯ ಅಡಿ ಬಂದವು. ಇಡೀ ದೇಶಕ್ಕೆ ಒಂದೇ ಸೂಚಿ ಇದೆ. ಅದಕ್ಕೂ ಹಿಂದೆ ಈ ಕೆಲಸ ಚರ್ಚಿನದಾಗಿತ್ತು. ಸಾಯುವವನು ತನ್ನ ಸಾಲ, ದಾನ, ಹಂಗುಗಳ ಲೆಕ್ಕವನ್ನು ತೀರಿಸಿ ಹೋಗುವುದು ಆತ್ಮದ ವಿಷಯ ಎಂಬ ಹಳೆಯ ನಂಬಿಕೆಯಿಂದಾಗಿ ಚರಾಸ್ತಿಯ ಉಯಿಲಿಗೆ ಮುದ್ರೆ ಒತ್ತುವ ಅಧಿಕಾರ ಚರ್ಚ್ ನ್ಯಾಯಾಲಯಗಳ ಕೈಯಲ್ಲಿತ್ತು, ಜಮೀನಿನ ವ್ಯಾಜ್ಯ ಮಾತ್ರ ರಾಜನ ನ್ಯಾಯಾಲಯಗಳಿಗೆ ಹೋಗುತ್ತಿತ್ತು. ಇಂಥ ಚರ್ಚ್ ನ್ಯಾಯಾಲಯಗಳು ಇನ್ನೂರಕ್ಕೂ ಹೆಚ್ಚಿದ್ದವು. ಕೆಳಗೆ ಆರ್ಚ್‌ಡೀಕನ್ ಎಂಬ ಬಿಷಪ್‌ನ ಕೈಕೆಳಗಿನ ಅಧಿಕಾರಿಯ ನ್ಯಾಯಾಲಯ, ಅದರ ಮೇಲೆ ಬಿಷಪ್‌ನ ನ್ಯಾಯಾಲಯ, ಎಲ್ಲಕ್ಕೂ ಮೇಲೆ ಕ್ಯಾಂಟರ್‌ಬರಿ ಮತ್ತು ಯಾರ್ಕ್ ಆರ್ಚ್‌ಬಿಷಪ್‌ಗಳ ಎರಡು ಪ್ರಿರಾಗೆಟಿವ್ ನ್ಯಾಯಾಲಯಗಳು. ಸತ್ತವನಿಗೆ ಐದು ಪೌಂಡ್ ಬೆಲೆಯ ಸ್ವತ್ತು ಎರಡು ಧರ್ಮಪ್ರಾಂತ್ಯಗಳಲ್ಲಿ, ಅಂದರೆ ಇಬ್ಬರು ಬಿಷಪ್‌ಗಳ ಸೀಮೆಗಳಲ್ಲಿ, ಇದ್ದರೆ ಉಯಿಲು ಆರ್ಚ್‌ಬಿಷಪ್‌ನ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು.

ಈ ಮೆಟ್ಟಿಲುಗಳ ನಡುವೆ ಪೆಕ್ಯೂಲಿಯರ್ ಎಂಬ ಇನ್ನೊಂದು ಬಗೆ ಇತ್ತು. ಹಳೇ ಮೈಸೂರಿನ ಇನಾಮು ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಸುತ್ತಲಿನ ಊರುಗಳೆಲ್ಲ ಒಬ್ಬ ಅಧಿಕಾರಿಯ ಕೆಳಗಿದ್ದರೂ ನಡುವಿನ ಒಂದು ಹಳ್ಳಿ ಮಾತ್ರ ಬೇರೆ ಕೈಗೆ ಸೇರಿರುತ್ತಿತ್ತು. ದೂರದ ಕ್ಯಾಥೆಡ್ರಲ್‌ನ (ಬಿಷಪ್‌ನ ಪ್ರಧಾನ ಚರ್ಚಿನ) ಮುಖ್ಯ ಪಾದ್ರಿಯಾದ ಡೀನ್‌ಗೋ, ಆ ಹಳ್ಳಿಯ ಆದಾಯವನ್ನು ಉಣ್ಣುತ್ತಿದ್ದ ಪ್ರಿಬೆಂಡರಿ ಎಂಬ ಪಾದ್ರಿಗೋ ಅಲ್ಲಿನ ಉಯಿಲುಗಳ ಅಧಿಕಾರವೂ ಸೇರಿರುತ್ತಿತ್ತು. ಸ್ಥಳೀಯ ಬಿಷಪ್‌ಗೆ ಅಲ್ಲಿ ಸಾಮಾನ್ಯವಾಗಿ ಮಾತಿರಲಿಲ್ಲ. ನಮ್ಮಲ್ಲಿ ಶಾನುಭೋಗರ ಕಡತ ಹುಡುಕಿದವರು ಮೊದಲು ಕೇಳುವುದು ಊರು ಯಾರ ಸ್ವಾಧೀನದಲ್ಲಿತ್ತು ಎಂದು. ವ್ಯಕ್ತಿಯ ಹೆಸರು ಆಮೇಲೆ. ಇಂಗ್ಲೆಂಡಿನ 1858ಕ್ಕೆ ಹಿಂದಿನ ಉಯಿಲಿಗೂ ಅದೇ ಪ್ರಶ್ನೆ ಮೊದಲನೆಯದು.

ನಿಂತುಹೋಗಿದ್ದ ಕೆಲಸ

ನನ್ನ ಬಳಿ ಬರುವ ಮೊದಲು ಅವರು ತಾವೇ ಎರಡು ವರ್ಷ ಹುಡುಕಿದ್ದರು. ಮೊದಲು ನೋಡಿದ್ದು 1858ರ ನಂತರದ ರಾಷ್ಟ್ರೀಯ ಸೂಚಿಯನ್ನು. 18ನೇ ಶತಮಾನದವನು ಅದರಲ್ಲಿ ಸಿಗುವುದು ಸಾಧ್ಯವಿರಲಿಲ್ಲ. ಆಮೇಲೆ ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಪ್ರಾಬ್ 11 ಸರಣಿಗೆ ಹೋಗಿದ್ದರು. ಕ್ಯಾಂಟರ್‌ಬರಿಯ ಪ್ರಿರಾಗೆಟಿವ್ ನ್ಯಾಯಾಲಯ 1384ರಿಂದ 1858ರವರೆಗೆ ನಕಲು ಮಾಡಿಟ್ಟ ಹತ್ತು ಲಕ್ಷಕ್ಕೂ ಹೆಚ್ಚು ಉಯಿಲುಗಳು ಅಲ್ಲಿವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಹಾಗಾಗಿ ಎಲ್ಲರೂ ಮೊದಲು ತಟ್ಟುವ ಬಾಗಿಲು ಅದು. ಅದೇ ಹೆಸರಿನ ಒಬ್ಬ ಅಲ್ಲಿ ಸಿಕ್ಕಿದ್ದ, ದುಡ್ಡು ಕೊಟ್ಟು ಪ್ರತಿ ತರಿಸಿದ್ದೂ ಆಗಿತ್ತು. ಓದಿದರೆ ಅವನು ಪೂಲ್ ಬಂದರಿನ ನಾವಿಕ, ಮಕ್ಕಳಿಲ್ಲದವನು. ಸಮುದ್ರದಲ್ಲಿ ಅಥವಾ ಹೊರದೇಶದಲ್ಲಿ ತೀರಿಕೊಂಡವರ ಉಯಿಲುಗಳು ಆ ನ್ಯಾಯಾಲಯಕ್ಕೆ ಹೋಗುತ್ತಿದ್ದುದರಿಂದ ನಾವಿಕರ ಹೆಸರು ಅಲ್ಲಿ ತುಂಬ ಕಾಣಸಿಗುತ್ತವೆ. ಹೆಸರು ಕೂಡಿತೆಂದು ಮನುಷ್ಯ ಕೂಡಿದ ಎನ್ನುವಂತಿಲ್ಲ.

ಮೂರನೆಯ ತಡೆ ಇನ್ನೂ ಗಟ್ಟಿಯಾಗಿತ್ತು. ಯೋವಿಲ್ ಇರುವುದು ಸಾಮರ್‌ಸೆಟ್ ಕೌಂಟಿಯಲ್ಲಿ. ಸಾಮರ್‌ಸೆಟ್ ಮತ್ತು ಡೆವನ್ ಕೌಂಟಿಗಳ ಚರ್ಚ್ ನ್ಯಾಯಾಲಯಗಳ ಉಯಿಲುಗಳನ್ನು ಎಕ್ಸೆಟರ್ ನಗರದ ಪ್ರೊಬೇಟ್ ಕಚೇರಿಯಲ್ಲಿ ಕೂಡಿಟ್ಟಿದ್ದರು. 1942ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಸುರಿದ ಬಾಂಬುಗಳಿಗೆ ಅವು ಬಹುತೇಕ ಸುಟ್ಟುಹೋದವು. ಎರಡು ಕೌಂಟಿಗಳ ನೂರಾರು ವರ್ಷಗಳ ಜನಸಾಮಾನ್ಯರ ಕೊನೆಯ ಮಾತುಗಳು ಒಂದೇ ರಾತ್ರಿಯಲ್ಲಿ ಬೂದಿಯಾದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 1812ರ ನಂತರದ ಉಯಿಲುಗಳಿಗಾದರೆ ಮರಣಕರದ ಕಚೇರಿಗೆ ಹೋದ ನಕಲುಗಳು ಹಲವು ಉಳಿದಿವೆ, ಅದಕ್ಕೂ ಹಿಂದಿನವಕ್ಕೆ ಅಲ್ಲಲ್ಲಿ ಯಾರಾದರೂ ಬರೆದಿಟ್ಟುಕೊಂಡ ಸಾರಾಂಶಗಳೇ ಗತಿ. ಯಾರೋ ಬಲ್ಲವರು ಈ ಸಂಗತಿಯನ್ನು ಹೇಳಿದ ಮೇಲೆ ಅವರು ಕೈಚೆಲ್ಲಿದ್ದರು.

ಬೈಬಲ್‌ನ ಆ ಸಾಲನ್ನು ನಾನು ಓದಿದಾಗ ನನ್ನ ಗಮನ ನಿಂತದ್ದು ಶಿಲ್ಲಿಂಗಿನ ಮೇಲಲ್ಲ, ಸಮೀಪ ಎಂಬ ಪದದ ಮೇಲೆ. ಯೋವಿಲ್‌ನಿಂದ ಐದಾರು ಮೈಲಿ ಪೂರ್ವಕ್ಕೆ ನಡೆದರೆ ಶರ್ಬೋರ್ನ್ ಸಿಗುತ್ತದೆ; ಅದು ಡಾರ್ಸೆಟ್. ಸಮೀಪ ಎಂದವನು ಕೌಂಟಿಯ ಗಡಿ ನೋಡಿ ಬರೆದಿರಲಾರ, ಸಂತೆಯ ಊರನ್ನು ನೆನೆದು ಬರೆದಿರುತ್ತಾನೆ.

ಮಗನಿಂದ ತಂದೆಯ ಕಡೆಗೆ

ಆದ್ದರಿಂದ ಉಯಿಲನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಲಂಡನ್ನಿಗೆ ಬಂದ ಮಗನ ಕಡೆಯಿಂದ ಶುರು ಮಾಡೋಣ ಎಂದು ತೀರ್ಮಾನಿಸಿದೆ. ಮಗ ಲಂಡನ್ನಿನಲ್ಲಿ ಪೀಪಾಯಿ ತಯಾರಿಸುವ ಕಸುಬಿನವನಾಗಿದ್ದ ಎಂಬುದು ಅವನ ಮಕ್ಕಳ ಜ್ಞಾನಸ್ನಾನದ ದಾಖಲೆಗಳಿಂದ ತಿಳಿದಿತ್ತು. ಅಂದಿನ ಲಂಡನ್ನಿನಲ್ಲಿ ಅಂಥ ಕಸುಬಿಗೆ ಇಳಿಯಬೇಕಾದರೆ ಸಾಮಾನ್ಯವಾಗಿ ಏಳು ವರ್ಷ ಒಬ್ಬ ಯಜಮಾನನ ಕೈಕೆಳಗೆ ಶಿಷ್ಯನಾಗಿರಬೇಕಿತ್ತು. ಶಿಷ್ಯನನ್ನು ಒಪ್ಪಿಸುವಾಗ ತಂದೆ ಯಜಮಾನನಿಗೆ ಒಂದು ಮೊತ್ತ ಕಟ್ಟುತ್ತಿದ್ದ. ಆ ಮೊತ್ತದ ಮೇಲೆ ಸರ್ಕಾರ 1710ರಿಂದ ಮುದ್ರಾಂಕ ಸುಂಕ ಹೇರಿತು. ಐವತ್ತು ಪೌಂಡ್‌ವರೆಗೆ ಪೌಂಡಿಗೆ ಆರು ಪೆನ್ಸ್, ಅದರ ಮೇಲಿನದಕ್ಕೆ ಪೌಂಡಿಗೆ ಒಂದು ಶಿಲ್ಲಿಂಗ್. ಆ ಸುಂಕದ ಲೆಕ್ಕಪುಸ್ತಕಗಳು ಕ್ಯೂನಲ್ಲಿ ಐಆರ್ 1 ಎಂಬ ಸರಣಿಯಲ್ಲಿವೆ, ಮತ್ತು ಸುಮಾರು 1750ರವರೆಗಿನ ನಮೂದುಗಳಲ್ಲಿ ಸಾಮಾನ್ಯವಾಗಿ ಶಿಷ್ಯನ ತಂದೆಯ ಹೆಸರೂ ಇರುತ್ತದೆ.

1714ರ ಪುಟದಲ್ಲಿ ನಮ್ಮ ಹುಡುಗ ಸಿಕ್ಕ. ತಂದೆಯ ಹೆಸರು, ಡಾರ್ಸೆಟ್‌ನ ಶರ್ಬೋರ್ನ್ ಕಡೆಯ ಒಂದು ಹಳ್ಳಿಯ ಹೆಸರು, ತಂದೆಯ ಕಸುಬು ಮಾಲ್ಟ್ ತಯಾರಿಕೆ. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಗೂಡಿನಲ್ಲಿ ಒಣಗಿಸಿ ಬಿಯರ್ ತಯಾರಿಸುವವರಿಗೆ ಮಾರುವವನು. ಯಜಮಾನನಿಗೆ ಕಟ್ಟಿದ ಮೊತ್ತ ಇಪ್ಪತ್ತೈದು ಪೌಂಡ್, ಸುಂಕ ಹನ್ನೆರಡು ಶಿಲ್ಲಿಂಗ್ ಆರು ಪೆನ್ಸ್. ಈ ಒಂದು ಸಾಲಿನಿಂದ ಎರಡು ಕೆಲಸವಾಯಿತು. ಹಳ್ಳಿ ಡಾರ್ಸೆಟ್‌ನದು ಎಂದು ಖಚಿತವಾದ್ದರಿಂದ ಎಕ್ಸೆಟರ್‌ನ ಬೆಂಕಿಯ ಭಯ ದೂರವಾಯಿತು. ಮಗ ಬರಿಗೈಯಲ್ಲಿ ಬಂದ ಎಂಬ ಕಥೆಗೆ ಅಲ್ಲೇ ಮೊದಲ ಬಿರುಕೂ ಬಿತ್ತು, ಏಕೆಂದರೆ ಹಳ್ಳಿಯ ಮಾಲ್ಟ್ ತಯಾರಕನಿಗೆ ಇಪ್ಪತ್ತೈದು ಪೌಂಡ್ ಸಣ್ಣ ಮೊತ್ತವಲ್ಲ.

ಹಳ್ಳಿಯ ಚರ್ಚಿನ ದಫನ ಪುಸ್ತಕದಲ್ಲಿ ತಂದೆಯ ಸಮಾಧಿಯ ದಿನ 1722ರ ಫೆಬ್ರವರಿ 11 ಎಂದಿತ್ತು. ಇದನ್ನು ಇದ್ದ ಹಾಗೆ ಓದಬಾರದು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಆಸುಪಾಸಿಗೆ. ಹಾಗಾಗಿ ಆ ಪುಸ್ತಕದ 1722ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1723ರ ಫೆಬ್ರವರಿ. ಉಯಿಲಿನ ದಾಖಲೆ ಇರುವುದಾದರೆ 1723ರ ವಸಂತದಲ್ಲಿ ಇರಬೇಕು.

ಮೂರು ನ್ಯಾಯಾಲಯಗಳ ನಡುವೆ

ಡಾರ್ಸೆಟ್ ಇಂದು ಬಹುಮಟ್ಟಿಗೆ ಸಾಲ್ಸ್‌ಬರಿ ಧರ್ಮಪ್ರಾಂತ್ಯದಲ್ಲಿದೆ, ಆದರೆ 1542ರಿಂದ 1836ರವರೆಗೆ ಅದು ಬ್ರಿಸ್ಟಲ್ ಬಿಷಪ್‌ನ ಕೆಳಗಿತ್ತು. ಆದ್ದರಿಂದ ಬ್ರಿಸ್ಟಲ್‌ನ ಡಾರ್ಸೆಟ್ ವಿಭಾಗದ ನ್ಯಾಯಾಲಯ ಮತ್ತು ಡಾರ್ಸೆಟ್ ಆರ್ಚ್‌ಡೀಕನ್‌ನ ನ್ಯಾಯಾಲಯದ ಸೂಚಿಗಳನ್ನು ಮೊದಲು ನೋಡಿದೆ. 1720ರಿಂದ 1726ರವರೆಗೆ, ಹೆಸರಿನ ಕಾಗುಣಿತವನ್ನು ಐದಾರು ಬಗೆಯಲ್ಲಿ ಬದಲಿಸಿ ನೋಡಿದರೂ ಏನೂ ಇರಲಿಲ್ಲ. ಇಂಥ ಜಾಗದಲ್ಲಿ ಉಯಿಲು ಬರೆದಿರಲಿಲ್ಲ ಎಂದು ತೀರ್ಮಾನಿಸುವುದು ಸಹಜ, ಆದರೆ ನನಗೆ ಬೇರೊಂದು ವಿಷಯ ಅನುಮಾನ ಹುಟ್ಟಿಸಿತು. ಆ ಹಳ್ಳಿಯ ಒಬ್ಬನೇ ಒಬ್ಬನ ಉಯಿಲೂ ಆ ಸೂಚಿಗಳಲ್ಲಿ ಇರಲಿಲ್ಲ. ನೂರಾರು ಜನರಿದ್ದ ಊರಿನಲ್ಲಿ ಏಳು ವರ್ಷ ಯಾರೂ ಉಯಿಲು ಬರೆಯದೆ ಸತ್ತರೆಂಬುದು ನಂಬುವ ಮಾತಲ್ಲ. ಒಬ್ಬ ವ್ಯಕ್ತಿ ಕಾಣದಿದ್ದರೆ ಅವನು ಬರೆದಿಲ್ಲದಿರಬಹುದು, ಇಡೀ ಊರೇ ಕಾಣದಿದ್ದರೆ ನಾವು ನಿಂತಿರುವುದು ತಪ್ಪು ನ್ಯಾಯಾಲಯದ ಬಾಗಿಲಲ್ಲಿ. ಹೆಸರು ಹುಡುಕುವುದನ್ನು ಬಿಟ್ಟು ಊರಿನ ಅಕ್ಕಪಕ್ಕದವರನ್ನು ಹುಡುಕಿ ನೋಡುವ ಈ ಕ್ರಮ ಇಡೀ ಪ್ರಕರಣದಲ್ಲಿ ಅತ್ಯಂತ ಪ್ರಯೋಜನಕ್ಕೆ ಬಂದದ್ದು.

ಪ್ಯಾರಿಷ್‌ಗಳನ್ನು, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳನ್ನು, ನ್ಯಾಯಾಲಯವಾರು ಬಣ್ಣ ಹಾಕಿ ತೋರಿಸುವ ನಕ್ಷೆಗಳಿವೆ. ಅದರಲ್ಲಿ ನೋಡಿದಾಗ ನಮ್ಮ ಹಳ್ಳಿ ಸುತ್ತಲಿನ ಬಣ್ಣಕ್ಕೆ ಹೊರತಾದ ಒಂದು ಸಣ್ಣ ತುಂಡಾಗಿ ಕಂಡಿತು. ಶರ್ಬೋರ್ನ್ ಮತ್ತು ಅದರ ಸುತ್ತಲಿನ ಹಲವು ಹಳ್ಳಿಗಳು ಬ್ರಿಸ್ಟಲ್ ಬಿಷಪ್‌ಗೆ ಸೇರಿರಲಿಲ್ಲ. ಅವು ಸಾಲ್ಸ್‌ಬರಿ ಕ್ಯಾಥೆಡ್ರಲ್‌ನ ಡೀನ್‌ನ ಪೆಕ್ಯೂಲಿಯರ್‌ಗೆ ಸೇರಿದ್ದವು. ಬೇರೆ ಕೆಲವು ಹಳ್ಳಿಗಳು ಅದೇ ಕ್ಯಾಥೆಡ್ರಲ್‌ನ ಒಬ್ಬೊಬ್ಬ ಪ್ರಿಬೆಂಡರಿಗೆ ಸೇರಿದ್ದವು. ನಮ್ಮ ಹಳ್ಳಿ ಈ ಎರಡನೆಯ ಗುಂಪಿನದು. ಈ ನ್ಯಾಯಾಲಯಗಳ ಕಾಗದಪತ್ರಗಳೆಲ್ಲ ಇರುವುದು ವಿಲ್ಟ್‌ಶೈರ್ ಕೌಂಟಿಯ ಚಿಪ್ಪೆನ್ಹ್ಯಾಮ್‌ನಲ್ಲಿರುವ ಇತಿಹಾಸ ಕೇಂದ್ರದಲ್ಲಿ. ಹಳೆಯ ಕೈಪಿಡಿಗಳಲ್ಲಿ ಟ್ರೋಬ್ರಿಜ್ ಎಂದಿದ್ದರೆ ಅದು 2007ಕ್ಕೆ ಮುಂಚಿನ ವಿಳಾಸ. ಸಾಲ್ಸ್‌ಬರಿಗೆ ಸೇರಿದ ಒಂದು ಲಕ್ಷಕ್ಕೂ ಹೆಚ್ಚು ಉಯಿಲು ಮತ್ತು ಅವುಗಳ ಜೊತೆಗಿನ ಕಾಗದಗಳು ಅಲ್ಲಿ ಸೂಚಿಯಾಗಿವೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ನ್ಯಾಯಾಲಯ ಯಾವುದೆಂದು ತಿಳಿಯಿತೆಂಬ ಭರವಸೆಯಲ್ಲಿ ಸೂಚಿಯನ್ನು ಆ ಒಬ್ಬನೇ ಪ್ರಿಬೆಂಡರಿಯ ನ್ಯಾಯಾಲಯಕ್ಕೆ ಸೀಮಿತಗೊಳಿಸಿ ಹುಡುಕಿದೆ. ಆ ಹಳ್ಳಿಯವರ ಉಯಿಲುಗಳು ಸಾಲುಸಾಲಾಗಿ ಬಂದವು, ನಮ್ಮವನು ಮಾತ್ರ ಇರಲಿಲ್ಲ. ಒಂದು ವಾರ ಕಾಗುಣಿತದ ಮೇಲೆ ಕಾಗುಣಿತ ಬದಲಿಸುತ್ತ ಕಳೆದೆ. ಕೊನೆಗೆ ಸಿಕ್ಕಿದ ಉಯಿಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದಾಗ 1723ರ ವಸಂತದ ತಿಂಗಳುಗಳಲ್ಲಿ ಒಂದೂ ಇರಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ ಅದೇ ತಿಂಗಳುಗಳಲ್ಲಿ ಅಂಥದೇ ಬಿಡುವು ಇತ್ತು. ಆಗ ಹೊಳೆಯಿತು. ಮೇಲಿನ ಅಧಿಕಾರಿ ಪರಿಶೀಲನೆಗೆ ಬಂದಾಗ ಕೆಳಗಿನ ನ್ಯಾಯಾಲಯದ ಅಧಿಕಾರವನ್ನು ಅಷ್ಟು ದಿನ ತಡೆಹಿಡಿಯುವ ಪದ್ಧತಿ ಚರ್ಚಿನಲ್ಲಿತ್ತು. ಬಿಷಪ್ ಬಂದರೆ ಆರ್ಚ್‌ಡೀಕನ್ ಸುಮ್ಮನಾಗಬೇಕು. ಹಾಗೆಯೇ ಸಾಲ್ಸ್‌ಬರಿಯ ಡೀನ್ ಮೂರು ವರ್ಷಕ್ಕೊಮ್ಮೆ ಪ್ರಿಬೆಂಡರಿಗಳ ಹಳ್ಳಿಗಳ ಪರಿಶೀಲನೆ ಮಾಡುವಾಗ ಅಲ್ಲಿನ ಉಯಿಲುಗಳೂ ಡೀನ್‌ನ ನ್ಯಾಯಾಲಯಕ್ಕೇ ಹೋಗುತ್ತಿದ್ದವು. ಸೀಮಿತಗೊಳಿಸಿದ್ದನ್ನು ತೆಗೆದುಹಾಕಿ ಡೀನ್‌ನ ನ್ಯಾಯಾಲಯದಲ್ಲಿ, ಹಳ್ಳಿಯ ಹೆಸರಿನಿಂದ ಹುಡುಕಿದೆ. 1723ರ ಏಪ್ರಿಲ್‌ನಲ್ಲಿ ಮೊದಲ ಅಕ್ಷರದ ಹಕಾರ ಉದುರಿಹೋದ ಹೆಸರಿನಲ್ಲಿ ನಮ್ಮ ಮಾಲ್ಟ್ ತಯಾರಕ ಕುಳಿತಿದ್ದ. ಆ ಸೀಮೆಯವರು ಹಕಾರವನ್ನು ನುಂಗಿ ಮಾತನಾಡುತ್ತಿದ್ದರು, ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದ.

ನಮ್ಮ ನಾಡಿಗೆ ಸಂಬಂಧಿಸಿದ ಹುಡುಕಾಟಕ್ಕೂ ಇದೇ ಎಚ್ಚರ ಬೇಕಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸತ್ತ ಕಂಪನಿಯ ಒಬ್ಬ ಅಧಿಕಾರಿಯ ಉಯಿಲು ಬೇಕಾದವರು ಅವನ ಹುಟ್ಟೂರಿನ ಚರ್ಚ್ ನ್ಯಾಯಾಲಯದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಮದರಾಸಿನ ನ್ಯಾಯಾಲಯದ ಮೂಲಕ ಹಾದು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಮದರಾಸ್ ಉಯಿಲುಗಳ ಸಂಪುಟಗಳಲ್ಲಿ ಇರಬಹುದು. ಇಂಗ್ಲೆಂಡಿನಲ್ಲೂ ಅವನಿಗೆ ಸ್ವತ್ತಿದ್ದರೆ ಕ್ಯಾಂಟರ್‌ಬರಿಯ ಪ್ರಾಬ್ 11ರಲ್ಲೂ ಇನ್ನೊಂದು ಪ್ರತಿ ಇರಬಹುದು. ಸತ್ತ ಜಾಗ ಮತ್ತು ಸ್ವತ್ತಿದ್ದ ಜಾಗ, ಈ ಎರಡನ್ನೂ ಕೇಳಬೇಕು.

ಕಟ್ಟಿನಲ್ಲಿ ಇದ್ದದ್ದು

ಸೂಚಿಯಲ್ಲಿ ಅದು ಉಯಿಲು ಎಂದು ನಮೂದಾಗಿರಲಿಲ್ಲ, ಆಡಳಿತಪತ್ರದ ಮುಚ್ಚಳಿಕೆ, ಅಂದರೆ ಸತ್ತವನ ಸ್ವತ್ತನ್ನು ಸರಿಯಾಗಿ ನಿರ್ವಹಿಸುವುದಾಗಿ ಬರೆದುಕೊಟ್ಟ ಜಾಮೀನುಪತ್ರ, ಎಂದಿತ್ತು. ಉಯಿಲು ಎಂಬ ಪದವನ್ನೇ ಹಿಡಿದು ಹುಡುಕಿದ್ದರೆ ಇಲ್ಲಿಯೂ ಕೈತಪ್ಪುತ್ತಿತ್ತು. ಚಿತ್ರಪ್ರತಿ ತರಿಸಿದಾಗ ನಾಲ್ಕು ಹಾಳೆಗಳಿದ್ದವು: ಮುಚ್ಚಳಿಕೆ, ಅದಕ್ಕೆ ಲಗತ್ತಿಸಿದ ಉಯಿಲು, ಮತ್ತು ಉದ್ದನೆಯ ಎರಡು ಹಾಳೆಗಳಲ್ಲಿ ಮನೆಯ ಸ್ವತ್ತಿನ ಪಟ್ಟಿ.

ಮುಚ್ಚಳಿಕೆಯ ಮೊದಲ ಭಾಗ ಲ್ಯಾಟಿನ್‌ನಲ್ಲಿದೆ, ಷರತ್ತುಗಳು ಇಂಗ್ಲಿಷ್‌ನಲ್ಲಿವೆ. ನ್ಯಾಯಾಲಯಗಳು ಲ್ಯಾಟಿನ್ ಬಿಟ್ಟದ್ದು 1733ರಲ್ಲಿ. ತಂದೆ ಕಿರಿಯ ಮಗನನ್ನು ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವವನು, ಆಗಿ ನೇಮಿಸಿದ್ದ. ಆ ಹುಡುಗನಿಗೆ ಆಗ ಹದಿನಾರು. ಹದಿನೇಳು ತುಂಬದವನಿಗೆ ಎಕ್ಸಿಕ್ಯೂಟರ್ ಆಗುವ ಅರ್ಹತೆ ಆ ಕಾಲದ ಚರ್ಚ್ ಕಾನೂನಿನಲ್ಲಿ ಇರಲಿಲ್ಲ. ಹಾಗಾಗಿ ಅವನ ವಯಸ್ಸು ತುಂಬುವವರೆಗೆ ತಾಯಿಗೆ ಆಡಳಿತಪತ್ರ ಕೊಟ್ಟು, ಉಯಿಲನ್ನು ಅದಕ್ಕೆ ಲಗತ್ತಿಸಿ, ಇಬ್ಬರು ಜಾಮೀನುದಾರರಿಂದ ಸ್ವತ್ತಿನ ಸುಮಾರು ಎರಡರಷ್ಟು ಮೊತ್ತಕ್ಕೆ ಮುಚ್ಚಳಿಕೆ ಬರೆಸಿಕೊಂಡಿದ್ದರು. ಉಯಿಲನ್ನು ಲಗತ್ತಿಸಿ ಆಡಳಿತಪತ್ರ ಕೊಡುವ ಈ ಕ್ರಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿಯೂ ಉಳಿದುಕೊಂಡಿರುವುದರಿಂದ ನಮ್ಮ ವಕೀಲರಿಗೆ ಇದು ಹೊಸದಾಗಿ ಕಾಣಲಾರದು.

ಉಯಿಲು 1722ರ ಅಕ್ಟೋಬರ್‌ನದು. ಕ್ಯೂನ ಪ್ರಾಬ್ 11ರಲ್ಲಿ ಇರುವುದು ಗುಮಾಸ್ತರು ದೊಡ್ಡ ಪುಸ್ತಕಗಳಿಗೆ ಇಳಿಸಿದ ನಕಲು; ಇದು ಮೂಲ ಹಾಳೆ. ನಾಲ್ಕು ಮಡಿಕೆಯ ಗೆರೆಗಳು ಕಂದಿವೆ, ಕೊನೆಯಲ್ಲಿ ಒಡೆದ ಕೆಂಪು ಅರಗು, ಅದರ ಎಡಕ್ಕೆ ಅವನ ರುಜು. ರುಜು ಎಂದರೆ ಹೆಸರಲ್ಲ, ಏಣಿಯ ಎರಡು ಕಾಲು ಮತ್ತು ಒಂದು ಮೆಟ್ಟಿಲಿನಂತೆ ಎಳೆದ ಹೆಚ್ ಅಕ್ಷರ. ಎಡಗಾಲು ನೇರವಾಗಿದೆ, ಬಲಗಾಲು ನಡುಗಿ ಕೆಳಕ್ಕೆ ಜಾರಿದೆ. ಗುಮಾಸ್ತ ಉದುರಿಸಿದ ಹಕಾರವನ್ನು ಅಕ್ಷರ ಬಾರದ ಆ ಮನುಷ್ಯ ತನ್ನ ಕೈಯಾರೆ ಉಳಿಸಿದ್ದ. ಆ ಚಿತ್ರವನ್ನು ತೋರಿಸಿದಾಗ ನರ್ಸ್ ಬಹಳ ಹೊತ್ತು ಮಾತನಾಡಲಿಲ್ಲ. ಅದು ಕಾಯಿಲೆಯವನ ಕೈ ಎಂದಷ್ಟೇ ಆಮೇಲೆ ಹೇಳಿದರು.

ಸಾಕ್ಷಿಗಳು ಇಬ್ಬರೇ. 1677ರ ಕಾಯ್ದೆಯ ಪ್ರಕಾರ ಜಮೀನನ್ನು ಉಯಿಲಿನಲ್ಲಿ ಕೊಡಬೇಕಾದರೆ ಕನಿಷ್ಠ ಮೂವರು ಸಾಕ್ಷಿಗಳು ಬೇಕಿತ್ತು. ಇಬ್ಬರಲ್ಲೇ ಮುಗಿಸಿದ್ದಾರೆಂದರೆ ಕೊಡಲು ಅವನಿಗೆ ಸ್ವಂತ ಜಮೀನು ಇರಲಿಲ್ಲ ಎಂಬ ಊಹೆಗೆ ಎಡೆಯಾಗುತ್ತದೆ. ಮಗಳಿಗೆ ಇಪ್ಪತ್ತೊಂದು ತುಂಬಿದಾಗ ಮೂವತ್ತು ಪೌಂಡ್, ಹೆಂಡತಿಗೆ ಹಾಸಿಗೆ ಮತ್ತು ಮನೆಯಲ್ಲಿ ವಾಸದ ಹಕ್ಕು, ಕಿರಿಯ ಮಗನಿಗೆ ಮಾಲ್ಟ್ ಮನೆಯ ಸಲಕರಣೆ ಮತ್ತು ಉಳಿದದ್ದೆಲ್ಲ. ಲಂಡನ್ನಿನ ಮಗನಿಗೆ ಒಂದು ಶಿಲ್ಲಿಂಗ್.

ಬೈಬಲ್‌ನ ಸಾಲು ನಿಜವಾಗಿತ್ತು. ಆದರೆ ಅದೇ ವಾಕ್ಯದ ಮುಂದುವರಿದ ಭಾಗವನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ: ಅವನು ತನ್ನ ಪಾಲನ್ನು ಈಗಾಗಲೇ ಪಡೆದಿರುವುದರಿಂದ ಎಂಬ ಕಾರಣವನ್ನು ತಂದೆ ಬರೆಸಿದ್ದಾನೆ. 1714ರ ಇಪ್ಪತ್ತೈದು ಪೌಂಡನ್ನು ಮಗಳ ಮೂವತ್ತು ಪೌಂಡಿನ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ತಾನೇ ತೆರೆದುಕೊಳ್ಳುತ್ತದೆ. ಹಿರಿಯ ಮಗನನ್ನು ಹೆಸರಿಸಿ ಏನಾದರೂ ಕೊಡದಿದ್ದರೆ ಉಯಿಲು ನಿಲ್ಲದು ಎಂಬ ತಪ್ಪು ನಂಬಿಕೆ ಆ ಕಾಲದ ಜನರಲ್ಲಿ ಬಲವಾಗಿತ್ತು. ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲಾಕ್‌ಸ್ಟೋನ್ ಆ ಶತಮಾನದಲ್ಲೇ ಸ್ಪಷ್ಟಪಡಿಸಿದ್ದ. ಶಿಲ್ಲಿಂಗ್ ಕಂಡ ಕೂಡಲೇ ಜಗಳವೆಂದು ಓದುವುದು ಈ ದಾಖಲೆಗಳಿಗೆ ನಾವು ಮಾಡುವ ಅನ್ಯಾಯ. ಪಾಲು ಮುಗಿದಿದೆ ಎಂದು ಹೇಳುವ ರೀತಿ ಅದು.

ಬೈಬಲ್‌ನಲ್ಲಿ ಬರೆದ ಹಿರಿಯರ ಕೈಗೆ ಉಯಿಲಿನ ಅರ್ಧ ಮಾತು ಹೇಗೆ ತಲುಪಿತೋ ತಿಳಿಯಲು ದಾರಿಯಿಲ್ಲ. ಅವರು ಸುಳ್ಳು ಬರೆದಿರಲಿಲ್ಲ ಎಂಬುದನ್ನು ಮಾತ್ರ ನಾನು ಒತ್ತಿ ಹೇಳಿದೆ. ಮನೆಮಾತುಗಳಲ್ಲಿ ಅಂಕಿ ಉಳಿದು ಕಾರಣ ಕಳೆದುಹೋಗುವುದನ್ನು ಈ ಕೆಲಸದಲ್ಲಿ ಪದೇ ಪದೇ ನೋಡಿದ್ದೇನೆ.

ಪಟ್ಟಿಯ ಒಂದು ಸಾಲು

ಉಯಿಲು ಸಿಕ್ಕಿತೆಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಸ್ವತ್ತಿನ ಪಟ್ಟಿಯನ್ನು ಪೂರ್ತಿ ಓದಲೇಬೇಕು ಎಂದು ನಾನು ಪಟ್ಟು ಹಿಡಿದೆ. ಇಂಥ ಪಟ್ಟಿಗಳನ್ನು ನೆರೆಹೊರೆಯವರು ಕೋಣೆಯಿಂದ ಕೋಣೆಗೆ ನಡೆಯುತ್ತ ಬರೆಯುತ್ತಿದ್ದರು. ಬಟ್ಟೆಬರೆ ಮತ್ತು ಕೈಚೀಲದ ಹಣದಿಂದ ಶುರುವಾಗುತ್ತದೆ. ನಡುಮನೆಯ ಮೇಜು, ತವರದ ಹದಿನಾಲ್ಕು ತಟ್ಟೆ, ಅಟ್ಟದ ಕೋಣೆಯ ಗರಿಯ ಹಾಸಿಗೆ, ಮಾಲ್ಟ್ ಮನೆಯಲ್ಲಿ ಕುದುರೆಕೂದಲಿನ ಬಟ್ಟೆ ಮತ್ತು ಮಾರಲು ಉಳಿದಿದ್ದ ಮಾಲ್ಟ್. ಬರಬೇಕಾದ ಸಾಲಗಳನ್ನು ಎರಡು ಭಾಗ ಮಾಡಿದ್ದಾರೆ, ಬರುವ ಆಸೆಯಿರುವವು ಮತ್ತು ಆಸೆಯಿಲ್ಲದವು. ಕೊನೆಯಿಂದ ಎರಡನೆಯ ಸಾಲಿನಲ್ಲಿ ಅರವತ್ತು ಪೌಂಡ್ ಬೆಲೆಯ ಒಂದು ಗುತ್ತಿಗೆ ಇತ್ತು. ಪಟ್ಟಿಯ ಒಟ್ಟು ಮೊತ್ತದ ಸುಮಾರು ಅರ್ಧ ಅದೇ.

ಇಂಗ್ಲೆಂಡಿನ ಪಶ್ಚಿಮದ ಕೌಂಟಿಗಳಲ್ಲಿ ಆಗ ಮನೆ ಹೊಲಗಳನ್ನು ತೊಂಬತ್ತೊಂಬತ್ತು ವರ್ಷಕ್ಕೆ ಗುತ್ತಿಗೆ ಕೊಡುತ್ತಿದ್ದರು, ಆದರೆ ಪತ್ರದಲ್ಲಿ ಹೆಸರಿಸಿದ ಮೂವರೂ ಸತ್ತರೆ ಗುತ್ತಿಗೆ ಅಂದಿಗೇ ಮುಗಿಯುತ್ತಿತ್ತು. ಆ ಮೂವರನ್ನು ಮೂರು ಜೀವಗಳು ಎಂದೇ ಕರೆಯುತ್ತಿದ್ದರು. ವರ್ಷದ ಗೇಣಿ ಅಲ್ಪ, ಆರಂಭದಲ್ಲಿ ಕಟ್ಟುವ ಮೊತ್ತ ದೊಡ್ಡದು. ಇಂಥ ಗುತ್ತಿಗೆ ಕಾನೂನಿನ ಲೆಕ್ಕದಲ್ಲಿ ಚರಾಸ್ತಿಯಾದ್ದರಿಂದ ಚರ್ಚ್ ನ್ಯಾಯಾಲಯದ ಪಟ್ಟಿಯಲ್ಲಿ ಸೇರುತ್ತಿತ್ತು, ಮೂವರು ಸಾಕ್ಷಿಗಳ ಅಗತ್ಯವೂ ಇರಲಿಲ್ಲ. ನಮ್ಮ ಪಟ್ಟಿಯ ಸಾಲು ಹೇಳುವುದೇನೆಂದರೆ ಈ ಗುತ್ತಿಗೆ ಇನ್ನು ಎರಡು ಜೀವಗಳ ಮೇಲೆ ನಿಂತಿದೆ, ಸತ್ತವನ ಇಬ್ಬರು ಗಂಡುಮಕ್ಕಳ ಮೇಲೆ.

ಡಾರ್ಚೆಸ್ಟರ್‌ನಲ್ಲಿರುವ ಡಾರ್ಸೆಟ್‌ನ ದಾಖಲಾಗಾರದಲ್ಲಿ ಆ ಹಳ್ಳಿಯ ಜಮೀನ್ದಾರಿಕೆಯ ಕಾಗದಗಳು ಉಳಿದಿದ್ದವು. ನಾವಿಬ್ಬರೂ ಒಟ್ಟಿಗೆ ಹೋದೆವು. 1709ರ ಗುತ್ತಿಗೆಪತ್ರ ಸಿಕ್ಕಿತು: ಮೂರು ಜೀವಗಳಲ್ಲಿ ಮೊದಲನೆಯದು ತಂದೆ, ಎರಡನೆಯದು ಒಂಬತ್ತು ವರ್ಷದ ಹಿರಿಯ ಮಗ, ಮೂರನೆಯದು ಎರಡು ವರ್ಷದ ಕಿರಿಯವನು. ಇದನ್ನು ಪ್ರೀತಿಯ ಪುರಾವೆ ಎಂದು ನಾನು ಓದುವುದಿಲ್ಲ. ಮಕ್ಕಳ ಹೆಸರು ಹಾಕುವುದು ವ್ಯವಹಾರದ ಜಾಣತನ, ಎಳೆಯರು ಹೆಚ್ಚು ಕಾಲ ಬದುಕುವ ಸಂಭವವಿರುತ್ತದೆ. ಪತ್ರವಾದದ್ದು ಹಿರಿಯವನು ಲಂಡನ್ನಿಗೆ ಹೋಗುವ ಐದು ವರ್ಷ ಮೊದಲು. ಆದರೆ ಅದರ ಪರಿಣಾಮವನ್ನು ಯೋಚಿಸಬೇಕು. ತಂದೆ ಸತ್ತ ಮೇಲೆ ತಾಯಿಯ ಸೂರು, ತಮ್ಮನ ಕಸುಬು ಎರಡೂ ನಿಂತದ್ದು ತಮ್ಮನ ಜೀವದ ಜೊತೆಗೆ ಲಂಡನ್ನಿನಲ್ಲಿದ್ದ ಅಣ್ಣನ ಜೀವದ ಮೇಲೆ. ತಮ್ಮ ಅಕಸ್ಮಾತ್ ತೀರಿಕೊಂಡಿದ್ದರೆ ಅಣ್ಣನ ಉಸಿರೊಂದೇ ಆ ಮನೆಯನ್ನು ಉಳಿಸುತ್ತಿತ್ತು.

ಅದೇ ಕಟ್ಟಿನಲ್ಲಿ ಜಮೀನ್ದಾರರ ಪಾರುಪತ್ಯಗಾರ 1731ರಲ್ಲಿ ಮಾಡಿದ ಒಂದು ಪರಿಶೀಲನೆಯ ಪುಸ್ತಕವಿತ್ತು. ಪ್ರತಿ ಗುತ್ತಿಗೆಯ ಎದುರು ಯಾವ ಜೀವ ಉಳಿದಿದೆ, ಯಾವುದು ಹೋಗಿದೆ ಎಂದು ಬರೆಯುವುದು ಆತನ ಕೆಲಸ, ಏಕೆಂದರೆ ಕೊನೆಯ ಜೀವ ಹೋದ ದಿನ ಜಮೀನು ಒಡೆಯನಿಗೆ ಮರಳುತ್ತದೆ. ಅಂಥವನು ಕೇಳಿದ್ದನ್ನೆಲ್ಲ ನಂಬುವವನಲ್ಲ. ನಮ್ಮ ಮಾಲ್ಟ್ ಮನೆಯ ಎದುರು ಹಿರಿಯ ಮಗನ ಹೆಸರಿನ ಪಕ್ಕದಲ್ಲಿ ಎರಡೇ ಮಾತು ಬರೆದಿದ್ದ, ಲಂಡನ್ನಿನಲ್ಲಿದ್ದಾನೆ, ಬದುಕಿದ್ದಾನೆ ಎಂದು. ತಂದೆ ಹೋಗಿ ಎಂಟು ವರ್ಷವಾದ ಮೇಲೂ ಆ ಹಳ್ಳಿಯಲ್ಲಿ ಯಾರಿಗೋ ಅದು ಗೊತ್ತಿತ್ತು, ಪಾರುಪತ್ಯಗಾರನಿಗೆ ಒಪ್ಪಿಗೆಯಾಗುವಷ್ಟು ಖಚಿತವಾಗಿ ಗೊತ್ತಿತ್ತು.

ನರ್ಸ್ ಆ ಸಾಲನ್ನು ತಮ್ಮ ನೋಟ್‌ಬುಕ್ಕಿಗೆ ಪೆನ್ಸಿಲ್‌ನಲ್ಲಿ ಇಳಿಸಿಕೊಂಡರು. ಓದುವ ಕೋಣೆಯಲ್ಲಿ ಪೆನ್ನಿಗೆ ಅವಕಾಶವಿಲ್ಲ. ಮುಂದಿನ ವಾರ ಅವರ ಮನೆಗೆ ಹೋದಾಗ ಬೈಬಲ್ ಮೇಜಿನ ಮೇಲೆ ತೆರೆದಿತ್ತು. ಹಿರಿಯರ ಎರಡು ಸಾಲುಗಳನ್ನು ಅಳಿಸಿರಲಿಲ್ಲ, ತಿದ್ದಿರಲಿಲ್ಲ. ಅವುಗಳ ಕೆಳಗೆ 1714, 1723, 1731 ಎಂಬ ಮೂರು ವರ್ಷಗಳನ್ನು ಬರೆದು, ಪ್ರತಿಯೊಂದರ ಪಕ್ಕದಲ್ಲಿ ದಾಖಲಾಗಾರದ ಸಂಖ್ಯೆಯನ್ನು ಗುಂಡಾಗಿ ನಮೂದಿಸಿ, ಕೊನೆಯದರ ಮುಂದೆ ಪಾರುಪತ್ಯಗಾರನ ಆ ಎರಡು ಮಾತನ್ನು ಹಾಗೆಯೇ ಸೇರಿಸಿದ್ದರು.